ಟರ್ಕಿ ಬೇಟೆಯ 12 ಬೋರ್ ಬಂದೂಕಿಗೆ ರೆಡ್ ಡಾಟ್: ಕಣ್ಣಿಗೆ ಸಿಲಿಂಡರ್ ಪವರ್ ಇದ್ದವರಿಗೆ ಯಾವುದು?

ಹುಣಸಿಮರ, ಕೋಥ್ರೂಡ್, ಪುಣೆ

ಎಲ್ಲಾರಿಗೂ ನಮಸ್ಕಾರ್ರಿ. ಏಪ್ರಿಲ್‌ನಾಗ ಮಿಸೌರಿಗೆ ಅಣ್ಣನ ಮನಿಗೆ ಹೊಂಟೇನಿ, ಆ ಹೊತ್ತಿಗೆ ಅಲ್ಲಿ ಕಾಡು ಟರ್ಕಿ ಹಕ್ಕಿ ಬೇಟೆಯ ಸೀಸನ್ ಇರತೈತಿ. ಬಂದೂಕು ಅಣ್ಣಂದು: ಮಾಸ್‌ಬರ್ಗ್ 500, 12 ಬೋರ್, 3 ಇಂಚಿನ ಚೇಂಬರ್, 24 ಇಂಚಿನ ನಳಿಗೆ, ಎಕ್ಸ್‌ಟ್ರಾ ಫುಲ್ ಚೋಕ್ (ಚರೆ ಭಾಳ ಹರಡದಂಗ ನಳಿಗಿ ತುದಿ ಕಿರಿದು ಮಾಡೋ ತುಂಡು). ಸದ್ಯ ಗುರಿ ಹಿಡಿಯಾಕ ನಳಿಗಿ ತುದಿಗೆ ಮಣಿ ಒಂದ ಐತಿ. ತೋಟಾ 9 ನಂಬರ್ ಟಂಗ್‌ಸ್ಟನ್ ಚರೆದ್ದು. ರೆಡ್ ಡಾಟ್ (ಗಾಜಿನಾಗ ಕೆಂಪು ಚುಕ್ಕಿ ತೋರಿಸೋ ಗುರಿ ಸೈಟ್) ಹಾಕಸೋಣು ಅಂತ ಅಣ್ಣ ಅಂತಾನ. ರೇಲ್ (ಬಂದೂಕಿಗೆ ಕೂರಸೋ ಪಟ್ಟಿ), ಮೌಂಟ್ (ಸೈಟ್ ಹಿಡಕೊಳ್ಳೋ ಹಿಡಿಕಿ) ಎಲ್ಲಾ ಸೇರಿ 300 ಡಾಲರ್ ಒಳಗ ಆಗಬೇಕು.

ನನ್ನ ಬಲಗಣ್ಣಿಗೆ ಸಿಲಿಂಡರ್ (ಕಣ್ಣಿನ ಬಾಗು ಎಲ್ಲಾ ಕಡಿ ಸಮ ಇಲ್ಲದ ದೋಷದ ನಂಬರ್) ಮೈನಸ್ 1.25 ಐತ್ರಿ, ಚಷ್ಮಾ ಬೇಕ ಬೇಕು. ಡಾಟ್ 2 ಎಂಒಎ (ಕೋನದ ಅಳತಿ, ಡಿಗ್ರಿಯ ಅರವತ್ತನೇ ಒಂದು ಭಾಗ) ಇರಬೇಕೋ 6 ಇರಬೇಕೋ? ತೆರೆದ ಎಮಿಟರ್ (ಡಾಟ್‌ನ ಬೆಳಕ ಬಿಡೋ ದೀಪ) ಇದ್ದದ್ದು ನಡೀತೈತೇನು, ಮುಚ್ಚಿದ್ದ ಬೇಕೇನು? ನಳಿಗಿ ಮ್ಯಾಲಿನ ರಿಬ್‌ಗೆ ಕಚ್ಚಸೋ ಮೌಂಟ್ ಛಲೋನೋ, ರಿಸೀವರ್ (ನಳಿಗಿ ಹಿಂದಿನ ಯಂತ್ರದ ಭಾಗ) ಮ್ಯಾಲೆ ರೇಲ್ ಛಲೋನೋ? ಪುಣೆ ಬಿಡೂಕಿಂತ ಮುಂಚೆ ಇಲ್ಲೇ ನೋಡಿಕೊಳ್ಳೋದು ಏನರೆ ಇದ್ರ ಅದನ್ನೂ ಹೇಳ್ರಿ.

ಮುಲುಂಡ್ ಮಾಣಿ, ಮುಲುಂಡ್, ಮುಂಬೈ

ಸಿಲಿಂಡರ್ ಮೈನಸ್ 1.25 ಅಂತ ಬರೆದದ್ದು ಒಳ್ಳೆಯದಾಯಿತು, ಆಯ್ಕೆ ಅಲ್ಲಿಂದಲೇ ಶುರುವಾಗಬೇಕು. ರೆಡ್ ಡಾಟ್ ಅಂದರೆ ಸಣ್ಣ ಎಲ್‌ಇಡಿ ಬೆಳಕು, ಬಾಗಿದ ಗಾಜಿಗೆ ಬಡಿದು ನಿಮ್ಮ ಕಣ್ಣಿಗೆ ವಾಪಸು ಬರುತ್ತದೆ. ಸಿಲಿಂಡರ್ ಇದ್ದ ಕಣ್ಣಿಗೆ ಅದು ದುಂಡಗೆ ಕಾಣುವುದಿಲ್ಲ. ಅಲ್ಪವಿರಾಮದ ಹಾಗೆ ಬಾಲ ಬರುತ್ತದೆ, ಇಲ್ಲವೇ ದ್ರಾಕ್ಷಿ ಗೊಂಚಲಿನ ಹಾಗೆ ಒಡೆಯುತ್ತದೆ. ಎಷ್ಟೋ ಜನ ಸೈಟ್ ಕೆಟ್ಟಿದೆ ಅಂದುಕೊಂಡು ಅಂಗಡಿಗೆ ವಾಪಸು ಕೊಡುತ್ತಾರೆ. ದೋಷ ಯಾರದು ಅಂತ ತಿಳಿಯಲು ಡಾಟ್ ನೋಡುತ್ತಾ ಸೈಟನ್ನು ನಿಧಾನಕ್ಕೆ ತಿರುಗಿಸಿ. ಬಾಲವೂ ಜತೆಗೆ ತಿರುಗಿದರೆ ಸೈಟಿನ ದೋಷ, ಬಾಲ ಇದ್ದ ದಿಕ್ಕಿನಲ್ಲೇ ನಿಂತರೆ ಕಣ್ಣಿನದು. ಮೊಬೈಲ್ ಕ್ಯಾಮೆರಾದಲ್ಲಿ ಡಾಟ್‌ನ ಫೋಟೋ ತೆಗೆದರೂ ಗೊತ್ತಾಗುತ್ತದೆ.

ಪುಣೆಯಲ್ಲೇ ಮಾಡಬಹುದಾದ ಕೆಲಸ ಎರಡು. ಚಷ್ಮಾದ ನಂಬರ್ ಹೊಸದಾಗಿ ತೆಗೆಸಿ. ಸಿಲಿಂಡರ್‌ನ ಆಕ್ಸಿಸ್ (ಅದರ ದಿಕ್ಕಿನ ಕೋನ) ಕೆಲವೇ ಡಿಗ್ರಿ ತಪ್ಪಿದ್ದರೂ ಡಾಟ್‌ಗೆ ಬಾಲ ಬರುತ್ತದೆ. ಎರಡನೆಯದು, ದೂರದರ್ಶಕ ಇಟ್ಟುಕೊಂಡವರ ಬಳಿ ರೆಡ್ ಡಾಟ್ ಫೈಂಡರ್ ಇರುತ್ತದೆ, ತತ್ವ ಪೂರ್ತಿ ಇದೇ. 1944ರಲ್ಲಿ ಶುರುವಾದ ಜ್ಯೋತಿರ್ವಿದ್ಯಾ ಪರಿಸಂಸ್ಥೆ ನಿಮ್ಮೂರಿನಲ್ಲೇ ಇದೆ. ಆಕಾಶ ನೋಡುವ ಹವ್ಯಾಸದವರನ್ನು ಕೇಳಿ, ಹೊಸ ಚಷ್ಮಾ ಹಾಕಿಕೊಂಡು ಒಮ್ಮೆ ಅದರಲ್ಲಿ ನೋಡಿ. ಬಂದೂಕು ಮುಟ್ಟದೆಯೇ ಕಣ್ಣಿನ ಸ್ಥಿತಿ ಗೊತ್ತಾಗುತ್ತದೆ.

ಇನ್ನು ಡಾಟ್‌ನ ಅಳತೆ. 40 ಗಜದಲ್ಲಿ 1 ಎಂಒಎ ಅಂದರೆ 0.42 ಇಂಚು. 2 ಎಂಒಎ ಡಾಟ್ ಒಂದು ಇಂಚನ್ನೂ ಮುಚ್ಚುವುದಿಲ್ಲ, 6 ಎಂಒಎ ಎರಡೂವರೆ ಇಂಚು ಮುಚ್ಚುತ್ತದೆ. ಗುರಿ ಟರ್ಕಿಯ ತಲೆ ಮತ್ತು ಗರಿಯಿಲ್ಲದ ಕತ್ತು, ಅದಕ್ಕೆ ಎರಡೂವರೆ ಇಂಚು ದೊಡ್ಡದಲ್ಲ. ಸಣ್ಣ ಡಾಟ್ ಕಾಣಲಿ ಅಂತ ಪ್ರಖರತೆ ಏರಿಸಿದಷ್ಟೂ ಬಾಲ ಉದ್ದವಾಗುತ್ತದೆ. ದೊಡ್ಡ ಡಾಟನ್ನು ಮಂದವಾಗಿ ಇಟ್ಟರೆ ನಿಮ್ಮ ಕಣ್ಣಿಗೆ ಅದೇ ಶುದ್ಧವಾಗಿ ಕಾಣುತ್ತದೆ. ಹಾಗಾಗಿ 6.

ನನ್ನ ಮತ ವೋರ್ಟೆಕ್ಸ್ ವೆನಮ್ 6 ಎಂಒಎಗೆ. ಡಬ್ಬಿಯಲ್ಲೇ ಪಿಕಾಟಿನಿ (ಅಡ್ಡ ತೋಡುಗಳಿರುವ ರೇಲಿಗೆ ಕೂರುವ) ಮೌಂಟ್ ಬರುತ್ತದೆ, ಬ್ಯಾಟರಿ ಸಿಆರ್1632 ಮೇಲಿನಿಂದ ಹಾಕುವಂಥದ್ದು. ಹೋಲೋಸನ್ 407ಕೆ ಕೂಡ 6 ಎಂಒಎ, ಗಟ್ಟಿ ಸೈಟ್, ಆದರೆ ಮೌಂಟ್ ಬೇರೆ ಕೊಳ್ಳಬೇಕು. ಇನ್ನಷ್ಟು ಹಣ ಹಾಕುವುದಾದರೆ 507ಕೆ ನೋಡಿ: 2 ಎಂಒಎ ಡಾಟ್‌ನ ಸುತ್ತ 32 ಎಂಒಎ ಬಳೆ ಇದೆ. 40 ಗಜದಲ್ಲಿ ಆ ಬಳೆ ಹದಿಮೂರು ಇಂಚು ಚಿಲ್ಲರೆ. ನಡುವಿನ ಚುಕ್ಕೆ ಒಡೆದು ಕಂಡರೂ ಬಳೆಯ ಮಧ್ಯವನ್ನು ಕಣ್ಣು ತಾನಾಗಿ ಹಿಡಿಯುತ್ತದೆ, ಸಿಲಿಂಡರ್ ಇದ್ದವರಿಗೆ ಇದು ದೊಡ್ಡ ಅನುಕೂಲ. ಟ್ರೈಜಿಕಾನ್ ಆರ್‌ಎಂಆರ್ ಒಳ್ಳೆಯದೇ, ಆದರೆ ಬ್ಯಾಟರಿ ತಳದಲ್ಲಿ. ಬದಲಿಸಲು ಸೈಟ್ ಬಿಚ್ಚಬೇಕು, ಮತ್ತೆ ಗುರಿ ಪರೀಕ್ಷಿಸಬೇಕು. ಬಜೆಟ್ಟಿಗೂ ಆಗುವುದಿಲ್ಲ.

ನಲವತ್ತು ಐವತ್ತು ಡಾಲರಿನವು ಬೇಡವೇ ಬೇಡ. 3 ಇಂಚಿನ ಟರ್ಕಿ ತೋಟಾದ ಹೊಡೆತಕ್ಕೆ ಮೊದಲು ಸೋಲುವುದು ಬ್ಯಾಟರಿಯ ಸ್ಪ್ರಿಂಗ್. ಡಾಟ್ ಮಿನುಗಲು ಶುರುವಾಗುತ್ತದೆ, ಆಮೇಲೆ ಗುರಿ ಸರಿಯುತ್ತದೆ.

ಕಡಲಬದಿ, ವಾಸ್ಕೋ, ಗೋವಾ

ಎಮಿಟರ್ ವಿಷಯ ನಾನು ಹೇಳ್ತೇನೆ. ತೆರೆದ ಸೈಟಿನಲ್ಲಿ ಎಲ್‌ಇಡಿ ಹಿಂಬದಿಯ ತಳದಲ್ಲಿ ಬಯಲಿಗೇ ಇರುತ್ತದೆ. ಅದರ ಮೇಲೆ ಒಂದು ಹನಿ ಮಳೆ ನಿಂತರೂ ಡಾಟ್ ಚೆದುರಿ ಹೋಗುತ್ತದೆ, ಒಣ ಎಲೆಯ ಚೂರು ಕೂತರೆ ಡಾಟೇ ಇಲ್ಲ. ಮುಚ್ಚಿದ ಎಮಿಟರಿನಲ್ಲಿ ಈ ತೊಂದರೆ ಇಲ್ಲ, ಆದರೆ ಹೋಲೋಸನ್ 509ಟಿ, ಏಮ್‌ಪಾಯಿಂಟ್ ಆಕ್ರೋ ನಿಮ್ಮ ಬಜೆಟ್ ದಾಟುತ್ತವೆ. ಮರದ ಬುಡಕ್ಕೆ ಬೆನ್ನು ಕೊಟ್ಟು ಕೂತು ಮಾಡುವ ಬೇಟೆಗೆ ತೆರೆದದ್ದು ಸಾಕು. ಕೂರುವ ತನಕ ರಬ್ಬರ್ ಮುಚ್ಚಳ ತೆಗೀಬೇಡಿ. ಮುಖಕ್ಕೆ ಕಟ್ಟುವ ಜಾಲರಿಯೊಳಗಿಂದ ಉಸಿರು ಮೇಲೆ ಬಂದು ಚಷ್ಮಾಕ್ಕೂ ಸೈಟಿನ ಗಾಜಿಗೂ ಮಂಜು ಕಟ್ಟಿಸುತ್ತದೆ, ಜಾಲರಿ ಮೂಗಿನ ಕೆಳಗೆ ಇರಲಿ.

ಮೌಂಟ್ ರಿಸೀವರ್ ಮೇಲೇ ಇರಲಿ. ರಿಬ್ ತೆಳು ಪಟ್ಟಿ, ಅದಕ್ಕೆ ಕಚ್ಚಿದ ಅಲ್ಯೂಮಿನಿಯಂ ಹಿಡಿಕೆ ಹೊಡೆತಕ್ಕೆ ಮುಂದೆ ಜಾರುತ್ತದೆ. ರಿಸೀವರ್ ರೇಲಿಗೂ ಒಂದು ದೋಷ ಇದೆ: ಮಾಸ್‌ಬರ್ಗ್‌ನ ನಳಿಗೆ ಬಿಚ್ಚಿ ಹಾಕುವಂಥದ್ದು, ಅದರ ತಿರುಪು ಸಡಿಲ ಇದ್ದರೆ ಸೈಟ್ ಒಂದು ಕಡೆ, ನಳಿಗೆ ಇನ್ನೊಂದು ಕಡೆ ನೋಡುತ್ತದೆ. ನಳಿಗೆ ತೆಗೆದು ಹಾಕಿದ ಮೇಲೆ ತಿರುಪು ಪೂರ್ತಿ ಬಿಗಿದು ಒಂದು ತೋಟಾ ಹೊಡೆದು ನೋಡಲೇಬೇಕು.

ರೇಲ್ ಕೂರಿಸುವಾಗ ಜನ ಅವಸರ ಮಾಡ್ತಾರೆ. ಚೇಂಬರ್, ಮ್ಯಾಗಜೀನ್ ಎರಡೂ ಖಾಲಿ ಅಂತ ಕಣ್ಣಿಂದ ನೋಡಿ, ಬೆರಳಿಂದ ಮುಟ್ಟಿ. ರಿಸೀವರ್ ಮೇಲೆ ಕಾರ್ಖಾನೆಯಲ್ಲೇ ಕೊರೆದ ನಾಲ್ಕು ತೂತುಗಳಿಗೆ ಮುಚ್ಚಳದ ತಿರುಪು ಇರುತ್ತವೆ. ಅವು ಅಂಟಿಕೊಂಡಿದ್ದರೆ ತಲೆ ಸವೆಸಬೇಡಿ, ಸೋಲ್ಡರಿಂಗ್ ಐರನ್‌ನ ತುದಿಯಿಂದ ಸ್ವಲ್ಪ ಬಿಸಿ ಮಾಡಿ. ತೂತು, ಹೊಸ ತಿರುಪು ಎರಡನ್ನೂ ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ ಒಣಗಲು ಬಿಡಿ, ಎಣ್ಣೆ ಉಳಿದರೆ ಲಾಕ್‌ಟೈಟ್ (ತಿರುಪು ಸಡಿಲವಾಗದಂತೆ ಹಾಕುವ ಅಂಟು) ಹಿಡಿಯುವುದಿಲ್ಲ. ಮೊದಲು ಲಾಕ್‌ಟೈಟ್ ಇಲ್ಲದೆ ಒಂದೊಂದೇ ತಿರುಪು ಹಾಕಿ ಪಂಪ್ (ತೋಟಾ ತುಂಬಲು ಹಿಂದೆ ಮುಂದೆ ಎಳೆಯುವ ಹಿಡಿ) ಎಳೆದು ನೋಡಿ. ತಿರುಪು ಉದ್ದ ಆದರೆ ಒಳಗೆ ಓಡಾಡುವ ಬೋಲ್ಟ್‌ಗೆ ತಾಗಿ ಪಂಪ್ ಬಿಗಿಯಾಗುತ್ತದೆ. ಹಾಗಾದರೆ ಅದರ ತುದಿ ಉಜ್ಜಬೇಕು. ಎಲ್ಲ ಸರಿ ಇದ್ದರೆ ನೀಲಿ ಲಾಕ್‌ಟೈಟ್ ಒಂದು ಹನಿ ಹಾಕಿ, ಅಡ್ಡಡ್ಡ ಕ್ರಮದಲ್ಲಿ ಬಿಗಿಯಿರಿ.

ಎಷ್ಟು ಬಿಗಿ ಅನ್ನುವುದರಲ್ಲೇ ಬಂದೂಕು ಹಾಳಾಗುವುದು. ಮಾಸ್‌ಬರ್ಗ್ 500ರ ರಿಸೀವರ್ ಅಲ್ಯೂಮಿನಿಯಂ, ಕೈಯಳತೆಯಲ್ಲಿ ಜೋರು ಮಾಡಿದರೆ ಹಲ್ಲು ಕಿತ್ತು ಬರುತ್ತವೆ. ಇಂಚ್ ಪೌಂಡ್ ಟಾರ್ಕ್ ಡ್ರೈವರ್ ತಗೊಳ್ಳಿ, ರೇಲಿನ ತಿರುಪಿಗೆ 15ರಿಂದ 20ರ ಒಳಗೆ, ಸೈಟಿನ ಸಣ್ಣ ತಿರುಪಿಗೆ ಅದರ ಕೈಪಿಡಿಯಲ್ಲಿ ಬರೆದಷ್ಟೇ. ಮೌಂಟನ್ನು ರೇಲಿನ ಅಡ್ಡ ತೋಡಿನಲ್ಲಿ ಇಟ್ಟು ಮುಂದಕ್ಕೆ, ನಳಿಗೆಯ ಕಡೆ, ಒತ್ತಿ ಹಿಡಿದು ಬಿಗಿಯಬೇಕು. ಗುಂಡು ಹಾರಿದಾಗ ಬಂದೂಕು ಹಿಂದೆ ಬರುತ್ತದೆ, ಸೈಟ್ ಇದ್ದಲ್ಲೇ ಉಳಿಯಲು ನೋಡುತ್ತದೆ. ನಡುವೆ ಸಂದು ಇದ್ದರೆ ಪ್ರತಿ ಹೊಡೆತಕ್ಕೂ ಸರಿಯುತ್ತದೆ. ತಿರುಪಿನ ತಲೆಯಿಂದ ಮೌಂಟ್‌ಗೆ ಬಿಳಿ ಬಣ್ಣದಲ್ಲಿ ಗೆರೆ ಎಳೆಯಿರಿ, ಸಡಿಲವಾದರೆ ಗೆರೆ ಒಡೆದು ಕಾಣುತ್ತದೆ. ಒಂದು ದಿನ ಬಿಟ್ಟು ಹೊಡೆಯಿರಿ.

ಮಣಿಗಿಂತ ಡಾಟ್ ಎತ್ತರದಲ್ಲಿ ಇರುವುದರಿಂದ ಕೆನ್ನೆ ಸ್ಟಾಕ್ (ಹೆಗಲಿಗೆ ಒತ್ತುವ ಹಿಂಭಾಗ) ಬಿಟ್ಟು ಏಳುತ್ತದೆ. ಖಾಲಿ ಬಂದೂಕನ್ನು ಕಣ್ಣು ಮುಚ್ಚಿ ಹೆಗಲಿಗೆ ತಂದು, ಕೆನ್ನೆ ಒತ್ತಿ, ಆಮೇಲೆ ಕಣ್ಣು ತೆರೆಯಿರಿ. ಡಾಟ್ ಹುಡುಕಬೇಕಾಗಿ ಬಂದರೆ ಸ್ಟಾಕ್‌ಗೆ ಕೆನ್ನೆಪಟ್ಟಿ ಹಾಕಿ. ಅರ್ಧ ಇಂಚಿನ ಆಸುಪಾಸು ಸಾಕಾಗುತ್ತದೆ.

ಹುಣಸಿಮರ, ಕೋಥ್ರೂಡ್, ಪುಣೆ

ಭಾಳ ಉಪಕಾರ ಆತ್ರಿ ಇಬ್ಬರಿಂದನೂ. ವೆನಮ್ 6 ಅಂತ ಅಣ್ಣಗ ಹೇಳತೇನಿ. ಇನ್ನೆರಡು ಪ್ರಶ್ನೆ. ವಾಪಸ್ ಬರೂವಾಗ ಸೈಟ್ ತಂದು ಬಾಲೇವಾಡಿಯೊಳಗ ಟ್ರ್ಯಾಪ್ (ಹಾರೋ ಮಣ್ಣಿನ ಬಿಲ್ಲೆ ಹೊಡಿಯೋ) ಶೂಟಿಂಗ್‌ಗೆ ಬಳಸಾಕ ಬರತೈತೇನು? ಮತ್ತ ಚರೆ ಹೊಡಿಯೋ ಬಂದೂಕಿಗೆ ಝೀರೋ ಹೆಂಗ ಮಾಡೋದ್ರಿ, ಅದು ಒಂದ ಗುಂಡಲ್ಲಲ್ಲ?

ಮುಲುಂಡ್ ಮಾಣಿ, ಮುಲುಂಡ್, ಮುಂಬೈ

ತರಬೇಡಿ. ಐಎಸ್‌ಎಸ್‌ಎಫ್ (ಅಂತರರಾಷ್ಟ್ರೀಯ ಶೂಟಿಂಗ್ ಕ್ರೀಡಾ ಒಕ್ಕೂಟ) ನಿಯಮದ ಪ್ರಕಾರ ಟ್ರ್ಯಾಪ್, ಸ್ಕೀಟ್ ಬಂದೂಕಿಗೆ ಬೆಳಕು ಬೀರುವ ಅಥವಾ ದೊಡ್ಡದು ಮಾಡಿ ತೋರಿಸುವ ಯಾವ ಸೈಟೂ ನಿಷಿದ್ಧ. ಬಂದೂಕಿನ ಆಪ್ಟಿಕ್ ಅಮೆರಿಕದ ರಫ್ತು ನಿಯಂತ್ರಣ ಪಟ್ಟಿಯಲ್ಲೂ ಇದೆ, ಸೂಟ್‌ಕೇಸಿನಲ್ಲಿ ಹಾಕಿಕೊಂಡು ಬರುವ ವಸ್ತುವಲ್ಲ. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆಯಿಂದ ಬೇಟೆಯೇ ನಿಂತಿದೆ, ಅದು ನಿಂತದ್ದು ಒಳ್ಳೆಯದೇ ಆಯಿತು. ಸೈಟ್ ಅಣ್ಣನ ಬಂದೂಕಿನ ಮೇಲೇ ಇರಲಿ.

ನೀವು ಹೋಗುವುದು ವಿಸಿಟರ್ ವೀಸಾದಲ್ಲಾದರೆ ಇದೊಂದು ಮರೆಯಬೇಡಿ. ವಲಸೆಯೇತರ ವೀಸಾದವರು ಬಂದೂಕು ಹಿಡಿಯುವುದು ಅಲ್ಲಿಯ ಫೆಡರಲ್ ಕಾನೂನಿನಲ್ಲಿ ಅಪರಾಧ. ಅಲ್ಲಿಯ ರಾಜ್ಯ ಕೊಟ್ಟ ಬೇಟೆ ಪರವಾನಗಿ ಕೈಯಲ್ಲಿದ್ದರೆ ವಿನಾಯಿತಿ ಇದೆ. ಹಾಗಾಗಿ ಗುರಿ ಪರೀಕ್ಷೆಗೆ ಮುಟ್ಟುವುದಕ್ಕೂ ಮೊದಲು ಪರವಾನಗಿ ತೆಗೆಸಿ. ಮಿಸೌರಿಯಲ್ಲಿ 1967ರ ಜನವರಿ 1 ಅಥವಾ ಅನಂತರ ಹುಟ್ಟಿದವರಿಗೆ ಬೇಟೆ ಶಿಕ್ಷಣದ ಪ್ರಮಾಣಪತ್ರವೂ ಬೇಕು.

ಚರೆಗುಂಡು, ಚಿಂಚ್ವಡ್, ಪುಣೆ

ಝೀರೋ ಅಂದರೆ ಇಲ್ಲಿ ಚರೆಯ ಮೋಡದ ನಡುವನ್ನು ಡಾಟ್ ಮೇಲೆ ತರುವುದು. ಮೂರಡಿ ಚೌಕದ ಕಾಗದ ಬೇಕು, ಚಿಕ್ಕ ಕಾಗದದಲ್ಲಿ ಅರ್ಧ ಮೋಡ ಹೊರಗೆ ಹೋದರೂ ತಿಳಿಯುವುದಿಲ್ಲ. ಮೊದಲು 20 ಗಜದಿಂದ ಅಗ್ಗದ ಹಗುರ ಸೀಸದ ತೋಟಾ ಹೊಡೆದು ಕಾಗದದ ಮಧ್ಯಕ್ಕೆ ಹತ್ತಿರ ತನ್ನಿ. ಟಂಗ್‌ಸ್ಟನ್ ತೋಟಾ ದುಬಾರಿ, ಅದನ್ನು ಈ ಹಂತದಲ್ಲಿ ಸುಡಬೇಡಿ. ಆದರೆ ಕೊನೆಯ ಹೊಂದಾಣಿಕೆ ಬೇಟೆಯ ತೋಟಾದಿಂದಲೇ ಆಗಬೇಕು, ತೂಕ ವೇಗ ಬೇರೆಯಾದರೆ ಬೀಳುವ ಜಾಗವೂ ಬೇರೆ.

40 ಗಜಕ್ಕೆ ಹೋಗಿ, ಗಟ್ಟಿ ಆಸರೆಯ ಮೇಲಿಟ್ಟು, ಪ್ರತಿ ಸಲ ಹೊಸ ಕಾಗದಕ್ಕೆ ಮೂರು ಹೊಡೆಯಿರಿ. ಅಂಚಿನ ಒಂಟಿ ತೂತುಗಳನ್ನು ಬಿಟ್ಟುಬಿಡಿ, ಚರೆ ಅತಿ ದಟ್ಟವಾಗಿರುವ ಕಡೆ 10 ಇಂಚಿನ ವೃತ್ತ ಎಳೆದು ಅದರ ನಡು ಗುರುತಿಸಿ. ಮೂರೂ ಕಾಗದದ ಸರಾಸರಿ ತೆಗೆಯಿರಿ. ನಡು 4 ಇಂಚು ಎಡಕ್ಕಿದ್ದರೆ 4ನ್ನು 0.42ರಿಂದ ಭಾಗಿಸಿ, ಒಂಬತ್ತೂವರೆ. ವೆನಮ್‌ನಲ್ಲಿ ಒಂದು ಕ್ಲಿಕ್‌ಗೆ 1 ಎಂಒಎ, ಅಂದರೆ ಬಲಕ್ಕೆ ಒಂಬತ್ತೋ ಹತ್ತೋ ಕ್ಲಿಕ್. ಇದೇ 4 ಇಂಚು 20 ಗಜದಲ್ಲಿ ಬಂದಿದ್ದರೆ ಕ್ಲಿಕ್ ಎರಡರಷ್ಟು ಬೇಕು, ಅಲ್ಲೇ ಲೆಕ್ಕ ತಪ್ಪುವುದು ಹೆಚ್ಚು. ತಿರುಗಿಸಿದಾಗ ಕಿಟಕಿಯಲ್ಲಿ ಡಾಟ್ ವಿರುದ್ಧ ದಿಕ್ಕಿಗೆ ಹೋದಂತೆ ಕಾಣುತ್ತದೆ, ಗಾಬರಿ ಬೇಡ.

ಆ 10 ಇಂಚಿನ ವೃತ್ತದಲ್ಲಿ ಕನಿಷ್ಠ 100 ಚರೆ ಬೀಳಬೇಕು ಅಂತ ಬೇಟೆಗಾರರ ರೂಢಿ. ಬೀಳದಿದ್ದರೆ ಹತ್ತಿರದಿಂದ ಹೊಡೆಯಬೇಕು, ಇಲ್ಲವೇ ಚೋಕ್ ಬದಲಿಸಬೇಕು. ಅದಕ್ಕೆ ಸೈಟ್ ಏನೂ ಮಾಡಲಾರದು. ಕೊನೆಗೆ 15 ಗಜದಲ್ಲೂ ಒಂದು ಹೊಡೆಯಿರಿ. ಎಕ್ಸ್‌ಟ್ರಾ ಫುಲ್ ಚೋಕ್‌ನಲ್ಲಿ ಟಂಗ್‌ಸ್ಟನ್ ಚರೆ ಅಷ್ಟು ಹತ್ತಿರದಲ್ಲಿ ಮುಷ್ಟಿಯಗಲ ಮಾತ್ರ ಹರಡಿರುತ್ತದೆ. ಕೆನ್ನೆ ತುಸು ಎತ್ತಿದರೂ ಮಣಿ ನೋಡಿ ಹೊಡೆದದ್ದು ತಲೆಯ ಮೇಲಿಂದ ಹೋಗುತ್ತದೆ. ಡಾಟ್ ಇದ್ದರೆ ಕೆನ್ನೆ ಎದ್ದರೂ ಡಾಟ್ ಇದ್ದಲ್ಲಿಗೇ ಚರೆ ಹೋಗುತ್ತದೆ. ಈ ಬಂದೂಕಿಗೆ ರೆಡ್ ಡಾಟ್ ಹಾಕಿಸುವುದೇ ಅದಕ್ಕಾಗಿ. ಡಾಟನ್ನು ಕತ್ತಿನ ಮಧ್ಯಕ್ಕೆ ಹಿಡಿಯಿರಿ, ತಲೆಯ ತುದಿಗೆ ಹಿಡಿದರೆ ಅರ್ಧ ಚರೆ ಗಾಳಿಗೆ.

ವೆನಮ್‌ನಲ್ಲಿ ತಾನಾಗಿ ಪ್ರಖರತೆ ಹೊಂದಿಸಿಕೊಳ್ಳುವ ವ್ಯವಸ್ಥೆ ಇದೆ, ಅದನ್ನು ಆರಿಸಿ ಕೈಯಿಂದಲೇ ಹೊಂದಿಸಿ. ಅದರ ಸೆನ್ಸರ್ ಅಳೆಯುವುದು ನೀವು ಕೂತ ನೆರಳಿನ ಬೆಳಕನ್ನು. ಹಕ್ಕಿ ಬಿಸಿಲಿನ ಬಯಲಲ್ಲಿ ನಿಂತಿರುತ್ತದೆ, ಡಾಟ್ ಮಂಕಾಗಿ ಕಾಣದೇ ಹೋಗುತ್ತದೆ. ಬೆಳಗಿನ ಜಾವ ಕತ್ತಲಿದ್ದಾಗ ಕಡಿಮೆ ಇಟ್ಟು, ಬಿಸಿಲು ಬಂದಂತೆ ಒಂದೊಂದೇ ಹಂತ ಏರಿಸಿ. ಗುರಿ ಗುರುತಿಸುವುದು ಮಾತ್ರ ಬರಿಗಣ್ಣಿಂದ, ಬಂದೂಕು ಎತ್ತುವ ಮೊದಲು; ಕಿಟಕಿಯೊಳಗಿಂದ ನೋಡಿ ಟರ್ಕಿಯೋ ಮನುಷ್ಯರೋ ಅಂತ ತೀರ್ಮಾನಿಸಬಾರದು. ನೀವೂ ಅಣ್ಣನೂ ಕೆಂಪು, ಬಿಳಿ, ನೀಲಿ ಬಟ್ಟೆ ಹಾಕಬೇಡಿ, ಕರ್ಚೀಫ್ ಕೂಡ. ಗಂಡು ಟರ್ಕಿಯ ತಲೆಗೆ ಇರುವುದು ಅದೇ ಮೂರು ಬಣ್ಣ.