ಮೊಡವೆಗೆ ಬೇವು, ಅರಿಶಿನ, ಟೀ ಟ್ರೀ ಎಣ್ಣೆ: ಯಾವುದಕ್ಕೆ ಪುರಾವೆ ಇದೆ?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ, ನನ್ನ ಮಗಳಿಗೆ 16 ವರ್ಷ. ಹಣೆ, ಕೆನ್ನೆ ತುಂಬ ಮೊಡವೆ. ಒಬ್ಬರು ಬೇವು ಅರೆದು ಹಚ್ಚು ಅನ್ನುತ್ತಾರೆ, ಇನ್ನೊಬ್ಬರು ಅರಿಶಿನ, ಮತ್ತೊಬ್ಬರು ನಿಂಬೆರಸ. ಅವಳು ಟೀ ಟ್ರೀ ಎಣ್ಣೆ (ಆಸ್ಟ್ರೇಲಿಯಾದ ಒಂದು ಮರದ ಎಲೆಯಿಂದ ತೆಗೆದ ಎಣ್ಣೆ) ತರಿಸಿಕೊಂಡಿದ್ದಾಳೆ. ಇವುಗಳಿಂದ ನಿಜಕ್ಕೂ ಉಪಯೋಗ ಇದೆಯಾ?

ಉತ್ತರ (ಚರ್ಮವೈದ್ಯೆ): ಮೊದಲು ನಿಂಬೆರಸ ನಿಲ್ಲಿಸಿ. ಅದು ಚರ್ಮ ಸುಡುತ್ತದೆ. ಹಚ್ಚಿಕೊಂಡು ಬಿಸಿಲಿಗೆ ಹೋದರೆ ಕಪ್ಪು ಕಲೆ ಬೀಳಬಹುದು, ಆ ಕಲೆ ಮೊಡವೆಗಿಂತ ಜಾಸ್ತಿ ದಿನ ಉಳಿಯುತ್ತದೆ.

ನೀವು ಹೇಳಿದ್ದರಲ್ಲಿ ಮನುಷ್ಯರ ಮೇಲೆ ಪರೀಕ್ಷೆ ನಡೆದು ಸ್ವಲ್ಪ ಗಟ್ಟಿಯಾಗಿ ನಿಂತಿರುವುದು ಟೀ ಟ್ರೀ ಎಣ್ಣೆ. 1990ರಲ್ಲಿ ಆಸ್ಟ್ರೇಲಿಯಾದಲ್ಲಿ 124 ಜನರಲ್ಲಿ ಅರ್ಧದಷ್ಟು ಮಂದಿಗೆ 5% ಟೀ ಟ್ರೀ ಜೆಲ್, ಉಳಿದವರಿಗೆ 5% ಬೆಂಜಾಯಿಲ್ ಪೆರಾಕ್ಸೈಡ್ (ಮೊಡವೆಗೆ ಸಾಮಾನ್ಯವಾಗಿ ಹಚ್ಚುವ ಔಷಧಿ) ಕೊಟ್ಟು ನೋಡಿದರು. ಎರಡರಿಂದಲೂ ಮೊಡವೆ ಇಳಿದವು. ಟೀ ಟ್ರೀ ನಿಧಾನ, ಆದರೆ ಉರಿ, ಸಿಪ್ಪೆ ಏಳುವುದು ಕಡಿಮೆ. ಗಮನಿಸಿ, ಅಲ್ಲಿ ಬಳಸಿದ್ದು 5% ಜೆಲ್. ಬಾಟಲಿಯಲ್ಲಿ ಬರುವ ಶುದ್ಧ ಎಣ್ಣೆಯನ್ನು ಹಾಗೇ ಹಚ್ಚಿದರೆ ಅಲರ್ಜಿ ಆಗಬಹುದು, ಹಳೆಯದಾಗಿ ಗಾಳಿ ತಾಗಿದ ಎಣ್ಣೆಯಿಂದ ಇನ್ನೂ ಹೆಚ್ಚು. ಕುಡಿಯಲಂತೂ ಬಾರದು, ಅದು ವಿಷ.

ಬೇವು, ಅರಿಶಿನ ಪ್ರಯೋಗಾಲಯದ ತಟ್ಟೆಯಲ್ಲಿ ಬ್ಯಾಕ್ಟೀರಿಯಾವನ್ನು ತಡೆಯುತ್ತವೆ, ನಿಜ. ಆದರೆ ಮೊಡವೆ ಬರೀ ಬ್ಯಾಕ್ಟೀರಿಯಾದ ಆಟ ಅಲ್ವಲ್ಲ, ಹಾರ್ಮೋನು, ಜಿಡ್ಡು, ಮುಚ್ಚಿಕೊಂಡ ರಂಧ್ರ, ಉರಿಯೂತ ಎಲ್ಲಾ ಸೇರಿರುತ್ತದೆ. ಅದಕ್ಕೇ ತಟ್ಟೆಯಲ್ಲಿ ಗೆದ್ದದ್ದು ಮುಖದ ಮೇಲೆ ಸೋಲಬಹುದು.

ಪ್ರಶ್ನೆ: ಲೋಳೆಸರ ಹಚ್ಚಬಹುದಾ?

ಉತ್ತರ: ಹಚ್ಚಬಹುದು, ಅದೊಂದೇ ಸಾಕು ಎಂದುಕೊಳ್ಳಬೇಡಿ. ಟ್ರೆಟಿನೋಯಿನ್ ಎಂಬ ಮೊಡವೆ ಔಷಧಿಯ ಕ್ರೀಮಿನ ಜೊತೆ ಲೋಳೆಸರ ಸೇರಿಸಿದಾಗ, ಬರೀ ಕ್ರೀಮಿಗಿಂತ ಚೆನ್ನಾಗಿ ಕೆಲಸ ಮಾಡಿದ್ದು ಒಂದು ಸಣ್ಣ ಪರೀಕ್ಷೆಯಲ್ಲಿ ಕಂಡಿದೆ. ಏನೇ ಹೊಸದು ಹಚ್ಚುವುದಿದ್ದರೂ ಮೊದಲು ಮೊಣಕೈ ಒಳಭಾಗದಲ್ಲಿ ಎರಡು ದಿನ ಹಚ್ಚಿ ನೋಡಿ.

ಪ್ರಶ್ನೆ: ಎಷ್ಟು ದಿನ ಕಾಯಬೇಕು?

ಉತ್ತರ: ಯಾವ ಮದ್ದಾದರೂ 6ರಿಂದ 8 ವಾರ. ವಾರಕ್ಕೊಂದು ಬದಲಿಸುತ್ತಾ ಹೋದರೆ ಯಾವುದು ಹಿಡಿಯಿತು ಅಂತಲೂ ಗೊತ್ತಾಗಲ್ಲ, ಚರ್ಮವೂ ಕೆರಳುತ್ತದೆ. ಆದರೆ ಒಳಗೆ ಗಟ್ಟಿಯಾಗಿ ನೋಯುವ ಗಂಟುಗಳಿದ್ದರೆ, ಅಥವಾ ಗುಳಿ ಬೀಳುತ್ತಿದ್ದರೆ ಈ 8 ವಾರವೂ ಬೇಡ, ಈಗಲೇ ತೋರಿಸಿ. ಗುಳಿ ಬಿದ್ದ ಮೇಲೆ ಅದನ್ನು ಸರಿಮಾಡುವುದು ಮೊಡವೆ ವಾಸಿ ಮಾಡುವುದಕ್ಕಿಂತ ಬಹಳ ಕಷ್ಟ.