ಬನ್ನೇರುಘಟ್ಟ ಕಾಳ್ಗಿಚ್ಚು ನಕ್ಷೆ: ಮಾದರಿಯ ಅಂಕ (ಎಯುಸಿ) 1ಕ್ಕೆ 0.95, ಆದ್ರೂ ಗಡಿ ಪೂರ್ತಿ ಕೆಂಪು, ಯಾಕೆ?

ಕಾಡಂಚು: ತಲೆ ಕೆಟ್ಟುಹೋಗಿದೆ. ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನಕ್ಕೆ ರ‍್ಯಾಂಡಮ್ ಫಾರೆಸ್ಟ್ (ಹಲವು ನಿರ್ಧಾರ-ಮರಗಳ ಯಂತ್ರಕಲಿಕೆ ಮಾದರಿ) ಹಾಕಿ ಬೆಂಕಿ ಅಪಾಯದ ನಕ್ಷೆ ಮಾಡಿದ್ದೀನಿ; ಕೆಂಪು ಅಂದ್ರೆ ಅಪಾಯ, ಹಸಿರು ಅಂದ್ರೆ ಸುರಕ್ಷಿತ. ಫರ್ಮ್ಸ್‌ನ (ನಾಸಾದ ಬೆಂಕಿ ಮಾಹಿತಿ ಸೇವೆ) ವಿಐಐಆರ್‌ಎಸ್ ಉಪಗ್ರಹ ಸಂವೇದಕ ಗುರುತಿಸಿದ ಬೆಂಕಿ ಬಿಂದುಗಳು, ಎನ್‌ಡಿವಿಐ (ಸಸ್ಯಗಳ ಹಸಿರಿನ ಸೂಚ್ಯಂಕ), ಇಳಿಜಾರು, ರಸ್ತೆ-ಊರಿಂದ ದೂರ ಎಲ್ಲಾ ಕೊಟ್ಟಾಗಿದೆ. ಗಡಿಯುದ್ದಕ್ಕೂ ಒಂದೇ ಕೆಂಪು ಪಟ್ಟಿ ಬರ್ತಿದೆ. ಒಳಗೆ ಕೋಡಿಹಳ್ಳಿ ವಲಯದ ಒಣ ಲಂಟಾನ ಪೊದೆ ಮಾತ್ರ ಹಸಿರು! ಬೆಂಕಿ ಕಾವಲುಗಾರರನ್ನ ಎಲ್ಲಿ ನಿಲ್ಲಿಸಬೇಕು ಅನ್ನೋದಕ್ಕೆ ಇದು ಪ್ರಯೋಜನವಿಲ್ಲ. ಮಾದರಿಯ ಮರಗಳನ್ನ 500ರಿಂದ 2000ಕ್ಕೆ ಏರಿಸಿದ್ರೂ ಅದೇ ಕಥೆ.

ರಾಸ್ಟರ್‌ರಾಯ: ನಕ್ಷೆಯ ಪ್ರೊಜೆಕ್ಷನ್ ಸರ್. 4326ರಲ್ಲೇ (ಅಕ್ಷಾಂಶ-ರೇಖಾಂಶದ ವ್ಯವಸ್ಥೆ) ಇಳಿಜಾರು ಲೆಕ್ಕ ಹಾಕಿದ್ರೆ ಅಡ್ಡಳತೆ ಡಿಗ್ರಿ, ಎತ್ತರ ಮೀಟರ್. ಎಲ್ಲಾ ಕಡೆ 90 ಡಿಗ್ರಿ ಹತ್ತಿರ ತೋರಿಸುತ್ತೆ. ಮೀಟರ್ ಅಳತೆಯ 32643ಕ್ಕೆ ತನ್ನಿ.

ಕಾಡಂಚು: 32643ರಲ್ಲೇ ಇದೆ.

ರಾಸ್ಟರ್‌ರಾಯ: ಹಾಗಿದ್ರೆ ಪದರಗಳ ಗ್ರಿಡ್ ಒಂದರ ಮೇಲೊಂದು ಕೂತಿಲ್ಲ. ಎಸ್‌ಆರ್‌ಟಿಎಂ (ಎತ್ತರದ ದತ್ತಾಂಶ) ಪಿಕ್ಸೆಲ್ 30 ಮೀಟರ್, ಸೆಂಟಿನೆಲ್ ಉಪಗ್ರಹ ಚಿತ್ರದ್ದು 10 ಮೀಟರ್. ಕ್ಯೂಜಿಐಎಸ್ ನಕ್ಷೆ ತಂತ್ರಾಂಶದಲ್ಲಿ ಅಲೈನ್ ರಾಸ್ಟರ್ಸ್ ಓಡಿಸಿ.

ಜಯನಗರ_ಜಿಐಎಸ್: ಇನ್ನೂ ಕ್ಯೂಜಿಐಎಸ್ ಯಾಕೆ? ಗೂಗಲ್ ಸರ್ವರಲ್ಲೇ ಲೆಕ್ಕ ಹಾಕೋ ಅರ್ಥ್ ಎಂಜಿನ್‌ನಲ್ಲಿ ಈ ತಾಪತ್ರಯವೇ ಇಲ್ಲ.

ರಾಸ್ಟರ್‌ರಾಯ: ಅಲ್ಲೂ ಸ್ಕೇಲ್ ಕೊಡದೆ ಎಕ್ಸ್‌ಪೋರ್ಟ್ ಮಾಡಿದ್ರೆ 1 ಕಿ.ಮೀ. ಪಿಕ್ಸೆಲ್ ಬರುತ್ತೆ, ಗೊತ್ತಿರಲಿ. ನನ್ನ ಮಷೀನ್ 64 ಜಿಬಿ. ಇಡೀ ಬಂಡೀಪುರದ ಸೆಂಟಿನೆಲ್ ದೃಶ್ಯಗಳು ಅದರಲ್ಲೇ ಓಡ್ತವೆ, ಯಾರ ಸರ್ವರಿಗೂ ಕಾಯಬೇಕಿಲ್ಲ.

ಜಯನಗರ_ಜಿಐಎಸ್: ಎಲ್ಲರ ಹತ್ತಿರ 64 ಜಿಬಿ ಇರಲ್ಲ ಗುರುಗಳೇ.

ಬೆಂಕಿರೇಖೆ: ಗ್ರಿಡ್ ಅರ್ಧ ಪಿಕ್ಸೆಲ್ ಜಾರಿದ್ರೆ 15 ಮೀಟರ್ ತಪ್ಪು. ವಿಐಐಆರ್‌ಎಸ್ ಪಿಕ್ಸೆಲ್ಲೇ 375 ಮೀಟರ್. ಆ ಪಟ್ಟಿಗೆ ಇದು ಕಾರಣ ಆಗಲ್ಲ. ಕಾಡಂಚು ಅವರೇ, ಬೆಂಕಿ ಇಲ್ಲದ ಬಿಂದುಗಳನ್ನ ಎಲ್ಲಿಂದ ತಗೊಂಡ್ರಿ? ಎನ್‌ಡಿವಿಐ ಯಾವ ತಿಂಗಳದು?

ಕಾಡಂಚು: ಬೆಂಕಿ ಬಿಂದುಗಳು ಉದ್ಯಾನ ಮತ್ತು ಸುತ್ತ 1 ಕಿ.ಮೀ., ವರ್ಷಪೂರ್ತಿ. ಉಳಿದವು ಉದ್ಯಾನದ ಒಳಗಿಂದ. ಎನ್‌ಡಿವಿಐ ಜನವರಿ-ಮೇ ಚಿತ್ರಗಳ ಮೀಡಿಯನ್ (ನಡುಬೆಲೆ).

ಬೆಂಕಿರೇಖೆ: ಅಲ್ಲೇ ಇದೆ ನೋಡಿ. ಹೊರಗಿರೋದೆಲ್ಲ ಬೆಂಕಿ, ಒಳಗಿರೋದು ಬಹುಪಾಲು ಸುರಕ್ಷಿತ ಅಂತ ನೀವೇ ಹೇಳಿಕೊಟ್ಟಂಗಾಯ್ತು. ಮಾದರಿ ಕಲಿತಿದ್ದು ಗಡಿಯನ್ನ. ಎರಡೂ ಬಗೆಯ ಬಿಂದುಗಳನ್ನ ಒಳಗಿಂದಲೇ ತೆಗೀರಿ.

ಇಷ್ಟಕ್ಕೇ ಸರಿಹೋಗಲ್ಲ. ಫರ್ಮ್ಸ್ ಕೊಡೋದು ಪಿಕ್ಸೆಲ್ಲಿನ ನಡುಬಿಂದು, ಬೆಂಕಿ ಬಿದ್ದ ಜಾಗ ಅಲ್ಲ. ಉಪಗ್ರಹದ ನೋಟದ ಅಂಚಿಗೆ ಹೋದಂತೆ ಪಿಕ್ಸೆಲ್ 800 ಮೀಟರ್‌ವರೆಗೂ ಹಿಗ್ಗುತ್ತೆ. ಉದ್ಯಾನ ಉತ್ತರ-ದಕ್ಷಿಣವಾಗಿ ಉದ್ದ, ಅಗಲ ಕಮ್ಮಿ. ಹೊಲದ ಬದು ಸುಟ್ಟಿದ್ದೂ ಕಾಡೊಳಗೆ ಬಿದ್ದಂತೆ ಕಾಣುತ್ತೆ. ಫರ್ಮ್ಸ್ ಫೈಲಿನ ಸ್ಕ್ಯಾನ್ ಕಾಲಂ (ಪಿಕ್ಸೆಲ್ ಅಗಲ, ಕಿ.ಮೀ.ಗಳಲ್ಲಿ) 0.5 ದಾಟಿದ್ದನ್ನ ಬಿಡಿ. ಬೇಸಿಗೆಗೆ ಮುಂಚೆ ಅರಣ್ಯ ಇಲಾಖೆಯವರೇ ಕಾಳ್ಗಿಚ್ಚು ಹಬ್ಬದಂತೆ ಬೆಂಕಿ ರೇಖೆ ಸುಡ್ತಾರೆ, ಅದೂ ರಸ್ತೆ, ಗಡಿ ಗುಂಟ. ಅದು ಕಾಳ್ಗಿಚ್ಚಲ್ಲ. ರೇಖೆಗಳ ನಕ್ಷೆ ಹಾಕಿ ಆ ಬಿಂದುಗಳನ್ನ ಕೈಯಾರೆ ತೆಗೀಬೇಕು.

ಎನ್‌ಡಿವಿಐ ವಿಷಯ ಇನ್ನೂ ಮುಖ್ಯ. ಮೇವರೆಗಿನ ಮೀಡಿಯನ್‌ನಲ್ಲಿ ಸುಟ್ಟ ಮೇಲಿನ ಚಿತ್ರಗಳೂ ಸೇರಿವೆ; ಉತ್ತರ ನೋಡಿಕೊಂಡೇ ಪರೀಕ್ಷೆ ಬರೆದಂಗೆ. 0.95 ಬಂದಿದ್ದಕ್ಕೆ ಅದೂ ಒಂದು ಕಾರಣ. ನವೆಂಬರ್-ಡಿಸೆಂಬರ್ ಚಿತ್ರ ಸಾಕು. ಜೊತೆಗೆ ತೇವಾಂಶಕ್ಕೆ ಸೆಂಟಿನೆಲ್-2ರ ಬಿ8ಎ, ಬಿ11 ಬ್ಯಾಂಡ್‌ಗಳಿಂದ ಎನ್‌ಡಿಎಂಐ ಸೂಚ್ಯಂಕ ಸೇರಿಸಿ.

ಲಂಟಾನ ಹಸಿರಾಗಿರೋದು ಲೇಬಲ್ (ಇಲ್ಲಿ ಸುಟ್ಟಿದೆ ಅನ್ನೋ ಗುರುತು) ಕೊರತೆಯಿಂದ. ವಿಐಐಆರ್‌ಎಸ್ ಹಾಯೋದು ಮಧ್ಯಾಹ್ನ, ರಾತ್ರಿ ಎರಡೂ ಹೊತ್ತು ಸುಮಾರು 1.30ಕ್ಕೆ. ಸಂಜೆ ಹೊತ್ತಿ ಕತ್ತಲಾಗೋ ಹೊತ್ತಿಗೆ ಆರಿದ ನೆಲಬೆಂಕಿ ಅದಕ್ಕೆ ಸಿಗಲ್ಲ. ಸೆಂಟಿನೆಲ್-2ರ ಬಿ8ಎ, ಬಿ12ರಿಂದ ಡಿಎನ್‌ಬಿಆರ್ (ಬೆಂಕಿಗೆ ಮುಂಚೆ-ನಂತರದ ಸುಟ್ಟ ಸೂಚ್ಯಂಕದ ವ್ಯತ್ಯಾಸ) ತೆಗೆದು ಸುಟ್ಟ ಕಲೆಗಳನ್ನೇ ಲೇಬಲ್ ಮಾಡಿ. ಮುಂಚಿನ-ನಂತರದ ಚಿತ್ರಗಳ ನಡುವೆ 10-15 ದಿನಕ್ಕಿಂತ ಹೆಚ್ಚು ಅಂತರ ಬೇಡ. ಎಲೆ ಉದುರಿದ್ದೂ ಸುಟ್ಟಂತೆಯೇ ಕಾಣುತ್ತೆ. ಪಕ್ಕದ ಸುಡದ ಕಾಡಿನ ಡಿಎನ್‌ಬಿಆರ್ ಕಳೆದು ಆಮೇಲೆ ಎಷ್ಟರ ಮೇಲಿದ್ರೆ ಸುಟ್ಟಿದ್ದು ಅನ್ನೋ ಮಿತಿ ಹಾಕಿ.

ಪರೀಕ್ಷೆಗೆ ಒಂದು ವರ್ಷ ಪೂರ್ತಿ ಹೊರಗಿಡಿ. ಬಿಂದುಗಳನ್ನ ಸುಮ್ಮನೆ ಕಲಸಿ ಹಂಚಿದ್ರೆ ಒಂದೇ ಬೆಂಕಿಯ ಅಕ್ಕಪಕ್ಕದ ಪಿಕ್ಸೆಲ್ಲುಗಳು ಕಲಿಕೆ, ಪರೀಕ್ಷೆ ಎರಡೂ ಕಡೆ ಸೇರ್ತವೆ.

ರಾಸ್ಟರ್‌ರಾಯ: ಅಲೈನ್ ಮಾಡೋದು ಹೇಗಿದ್ರೂ ಒಳ್ಳೇದು.

ಕಾಡಂಚು: ಹೊರಗಿನ ಬಿಂದು, ಬೆಂಕಿ ರೇಖೆ ತೆಗೆದು ಒಂದು ವರ್ಷ ಹೊರಗಿಟ್ಟೆ. ಎಯುಸಿ 0.74ಕ್ಕೆ ಇಳೀತು, ಆದ್ರೆ ಗಡಿಪಟ್ಟಿ ಹೋಯ್ತು. ಡಿಎನ್‌ಬಿಆರ್ ಇನ್ನೂ ಆಗಬೇಕು. ಆನೇಕಲ್ ಕಡೆ ಒಂದು ಚುಕ್ಕೆ ಮಾತ್ರ ಪ್ರತಿ ವರ್ಷ ಹಾಗೇ ಉಳಿದಿದೆ.

ಬೆಂಕಿರೇಖೆ: ಮಳೆಗಾಲದಲ್ಲೂ ಬರ್ತಿದ್ರೆ ಅದು ಕಾಡಿನ ಬೆಂಕಿಯಲ್ಲ, ಯಾವುದೋ ಸ್ಥಿರ ಬಿಸಿ ಮೂಲ. ಫರ್ಮ್ಸ್ ಫೈಲಿನ ಟೈಪ್ ಕಾಲಂನಲ್ಲಿ 2 (ಅಂದ್ರೆ ಸ್ಥಿರ ಮೂಲ) ಇದೆಯಾ ನೋಡಿ. ದಿನನಿತ್ಯದ ಫೈಲಿನಲ್ಲಿ ಆ ಕಾಲಂ ಇರಲ್ಲ, ಆರ್ಕೈವ್ ಇಳಿಸಿಕೊಳ್ಳಿ.