ಬ್ಯಾಟರಿ ಮೇಲಿನ ನಂಬರ್‌ಗಳು: ಕೇಳಿ, ನಮ್ಮ ಎಲೆಕ್ಟ್ರಿಷಿಯನ್ ಹೇಳುತ್ತಾರೆ

ಬಿಳಿಕಾರು: ನಮ್ಮ ಹಳೇ ಬ್ಯಾಟರಿ ಮೇಲೆ 12 ವೋಲ್ಟ್, 45 ಎಎಚ್, 330 ಸಿಸಿಎ ಅಂತಿದೆ. ಎಎಚ್ ನೋಡಿ ತಗೊಂಡರೆ ಸಾಕಲ್ವಾ?

ಎಲೆಕ್ಟ್ರಿಷಿಯನ್: ಸಾಕಾಗಲ್ಲ. 45 ಎಎಚ್ (ಆಂಪ್-ಅವರ್) ಅಂದರೆ 2.25 ಆಂಪ್‌ನಂತೆ 20 ಗಂಟೆ ಕೊಡುತ್ತದೆ ಅಂತ. ಒಂದು ಗಂಟೆ 45 ಆಂಪ್ ಎಳೆಯಲು ಹೋದರೆ ಗಂಟೆ ತುಂಬುವ ಮೊದಲೇ ಮಲಗುತ್ತದೆ. ಸಿಸಿಎ (ಕೋಲ್ಡ್ ಕ್ರ್ಯಾಂಕಿಂಗ್ ಆಂಪ್ಸ್) ಅಂದರೆ ಚಳಿಯಲ್ಲಿ ಸ್ಟಾರ್ಟ್ ಮಾಡುವ ತಾಕತ್ತು. ಮೈನಸ್ 18 ಡಿಗ್ರಿಯಲ್ಲಿ 30 ಸೆಕೆಂಡ್, 7.2 ವೋಲ್ಟ್‌ಗಿಂತ ಕೆಳಗೆ ಇಳಿಯದೆ ಎಷ್ಟು ಆಂಪ್ ಕೊಡುತ್ತದೆ ಅನ್ನುವ ಲೆಕ್ಕ. ಇದು ಅಮೆರಿಕದ ಎಸ್‌ಎಇ ಪರೀಕ್ಷೆ. ಯುರೋಪಿನ ಇಎನ್ ಪರೀಕ್ಷೆ ಬೇರೆ, ಅದರಲ್ಲಿ 10 ಸೆಕೆಂಡ್, 7.5 ವೋಲ್ಟ್. ಹಾಗಾಗಿ ಒಂದೇ ಪರೀಕ್ಷೆಯ ನಂಬರ್‌ಗಳನ್ನು ಮಾತ್ರ ಹೋಲಿಸಿ. ಬರೀ ‘ಸಿಎ’ ಅಂತಿದ್ದರೆ ಅದು 0 ಡಿಗ್ರಿಯ ಲೆಕ್ಕ. ಅದು ಯಾವಾಗಲೂ ದೊಡ್ಡದಾಗಿಯೇ ಕಾಣುತ್ತದೆ, ಮೋಸ ಹೋಗಬೇಡಿ.

ಹಳೇಜೀಪ್: ಸಿಸಿಎ ಎಲ್ಲಾ ಹಿಮ ಬೀಳೋ ಕಡೆಯವರಿಗೆ. ಸೆಕೆ ಇರೋ ಕಡೆ ಅದನ್ನು ಕೇಳೋರು ಯಾರು?

ಗೇರುಬಾಕ್ಸು: ಡೀಸೆಲ್ ಎಂಜಿನ್ ತಿರುಗಿಸಿ ನೋಡಿ, ಆಗ ಗೊತ್ತಾಗುತ್ತೆ.

ಹಳೇಜೀಪ್: 20 ವರ್ಷದಿಂದ ಡೀಸೆಲ್ಲೇ ಓಡಿಸ್ತಿರೋದು ಸ್ವಾಮಿ.

ಕೆಂಪುಬೈಕ್: ಸರ್, 45ರ ಜಾಗಕ್ಕೆ 50 ಎಎಚ್ ಹಾಕಿದರೆ ಆಲ್ಟರ್ನೇಟರ್ ಸುಡುತ್ತದಾ?

ಎಲೆಕ್ಟ್ರಿಷಿಯನ್: ಇಲ್ಲ. ಟ್ರೇಯಲ್ಲಿ ಕೂರಬೇಕು, ಪ್ಲಸ್ ಮೈನಸ್ ಅದೇ ಕಡೆಗಿರಬೇಕು, ಅಷ್ಟೇ. 55ಬಿ24ಎಲ್ ಥರದ ನಂಬರಿನಲ್ಲಿ 24 ಅಂದರೆ ಉದ್ದ, ಸೆಂಟಿಮೀಟರಿನಲ್ಲಿ. ಕೊನೆಯ ಎಲ್ ಟರ್ಮಿನಲ್ ಯಾವ ಕಡೆ ಅಂತ ಹೇಳುತ್ತದೆ.

ನೀಲಿವ್ಯಾನ್: ನನ್ನದು ಸ್ಟಾರ್ಟ್-ಸ್ಟಾಪ್ ಇರುವ ಕಾರು, ಸಿಗ್ನಲ್‌ನಲ್ಲಿ ನಿಂತಾಗ ಎಂಜಿನ್ ತಾನೇ ಆಫ್ ಆಗುತ್ತೆ. ಬ್ಯಾಟರಿ ಇರೋದು ಸೀಟಿನ ಕೆಳಗೆ. ಕಂಪನಿಯಿಂದ ಬಂದದ್ದು 70 ಎಎಚ್ ಎಜಿಎಂ. ಅಂಗಡಿಯವರು ‘ಇದು ಇನ್ನೂ ದೊಡ್ಡದು’ ಅಂತ 80 ಎಎಚ್ ಮಾಮೂಲಿ ಬ್ಯಾಟರಿ ಹಾಕಿಕೊಟ್ಟರು. ಎರಡು ತಿಂಗಳಾಯಿತು. ಈಗ ಕಾರೊಳಗೆ ಕೊಳೆತ ಮೊಟ್ಟೆ ವಾಸನೆ. ನಂಬರ್ ಇನ್ನೂ ದೊಡ್ಡದು ಬೇಕಿತ್ತಾ?

ಎಲೆಕ್ಟ್ರಿಷಿಯನ್: ನಂಬರ್ ಆಮೇಲೆ. ಮೊದಲು ಕಾರು ನಿಲ್ಲಿಸಿ. ಎಂಜಿನ್ ಆಫ್ ಮಾಡಿ ಎಲ್ಲಾ ಬಾಗಿಲು ತೆರೆದಿಡಿ. ಹತ್ತಿರ ಬೆಂಕಿ, ಸಿಗರೇಟು ಬೇಡ.

ಆ ವಾಸನೆ ಹೈಡ್ರೋಜನ್ ಸಲ್ಫೈಡ್‌ನದು. ಬ್ಯಾಟರಿ ಮಿತಿಮೀರಿ ಚಾರ್ಜ್ ಆಗಿ ಕುದಿಯುವಾಗ ಬರುತ್ತದೆ. ಜೊತೆಗೆ ಹೈಡ್ರೋಜನ್ ಕೂಡ ಬರುತ್ತದೆ, ಅದಕ್ಕೆ ವಾಸನೆ ಇಲ್ಲ. ಗಾಳಿಯಲ್ಲಿ 4% ಸೇರಿದರೆ ಒಂದು ಕಿಡಿ ಸಾಕು. ಅದಕ್ಕೇ ಈಗಲೇ ಟರ್ಮಿನಲ್ ಬಿಚ್ಚಬೇಡಿ, ಗಾಳಿಯಾಡಲಿ. ಆಮೇಲೆ ಮೈನಸ್ ಮೊದಲು.

ಎಜಿಎಂನಲ್ಲಿ ಆಸಿಡ್ ಗಾಜಿನ ನಾರಿನ ಹಾಳೆಯಲ್ಲಿ ಹೀರಿಕೊಂಡಿರುತ್ತದೆ. ಗ್ಯಾಸ್ ಒಳಗೇ ಮತ್ತೆ ನೀರಾಗುತ್ತದೆ, ಹೊರಗೆ ಬರುವುದು ತೀರಾ ಕಡಿಮೆ. ಅದಕ್ಕೇ ಅದನ್ನು ಸೀಟಿನಡಿ ಇಡುತ್ತಾರೆ. ಮಾಮೂಲಿ ಬ್ಯಾಟರಿ ಹಾಗಲ್ಲ. ಎಜಿಎಂಗೆ ಅಂತ ಹೊಂದಿಸಿದ ಕಾರು 14.8 ವೋಲ್ಟ್‌ವರೆಗೂ ಚಾರ್ಜ್ ಮಾಡಬಹುದು. ಸೆಕೆಯಲ್ಲಿ ಅದು ಮಾಮೂಲಿ ಬ್ಯಾಟರಿಗೆ ಜಾಸ್ತಿಯೇ. ಎಜಿಎಂ ಇದ್ದಲ್ಲಿಗೆ ಎಜಿಎಂ ಮಾತ್ರ. 80 ಅಲ್ಲ, 100 ಎಎಚ್ ಆದರೂ ಮಾಮೂಲಿ ಬೇಡ.

ಎರಡು ವಿಷಯ ತಿಳಿಸಿ. ಸ್ವಲ್ಪ ಹೊತ್ತು ಬಿಟ್ಟು, ಎಂಜಿನ್ ಆಫ್ ಇದ್ದಾಗ ಎಷ್ಟು ವೋಲ್ಟ್? ಬ್ಯಾಟರಿಯಿಂದ ಹೊರಗೆ ಹೋಗುವ ಗ್ಯಾಸ್ ಪೈಪ್ ಸಿಕ್ಕಿಸಿದ್ದಾರಾ?

ಸಂಜೆಸವಾರಿ: ಸತ್ತ ಬ್ಯಾಟರಿಗೆ ಪ್ರತಿ ಸೆಲ್‌ಗೆ ಎರಡು ಆಸ್ಪಿರಿನ್ ಮಾತ್ರೆ ಹಾಕಿದರೆ ಹೊಸದರಂತಾಗುತ್ತೆ. ಫಾರ್ವರ್ಡ್ ಬಂದಿದೆ, ಕಳಿಸಲಾ?

ಎಲೆಕ್ಟ್ರಿಷಿಯನ್: ಬೇಡ. ಆಸ್ಪಿರಿನ್ ಆಸಿಡ್‌ನಲ್ಲಿ ಒಡೆದು ಅಸಿಟಿಕ್ ಆಮ್ಲ ಆಗುತ್ತದೆ, ಅದು ಸೀಸದ ಪ್ಲೇಟನ್ನೇ ತಿನ್ನುತ್ತದೆ. ಒಂದೆರಡು ಸಲ ಸ್ಟಾರ್ಟ್ ಆಗಬಹುದು, ಆಮೇಲೆ ಪೂರ್ತಿ ಸಾವು. ಮಾತ್ರೆ ತಲೆನೋವಿಗೆ ಇಟ್ಟುಕೊಳ್ಳಿ, ಈ ಗುಂಪು ಓದುವವರಿಗೆ ಬೇಕಾಗುತ್ತದೆ.

ಸಂಜೆಸವಾರಿ: ಒಳ್ಳೇದಕ್ಕೆ ಹೇಳಿದ್ದು. ಇಷ್ಟು ಗಡುಸಾಗಿ ಮಾತಾಡಬೇಕಾ?

ಹಳೇಜೀಪ್: ಉಪ್ಪು ನೀರು ಹಾಕೋರೂ ಇದ್ದಾರೆ. ಅದೂ ತಪ್ಪಾ?

ಗೇರುಬಾಕ್ಸು: 20 ವರ್ಷ ಡೀಸೆಲ್ ಓಡಿಸಿದವರು ಕೇಳೋ ಪ್ರಶ್ನೆನಾ ಇದು?

ಹಳೇಜೀಪ್: ನಿನ್ನನ್ನ ಕೇಳಲಿಲ್ಲ.

ಮೂರನೇಗೇರು: ಟ್ರ್ಯಾಕ್ಟರಿಗೆ ಎರಡು ಬ್ಯಾಟರಿ ಪ್ಯಾರಲಲ್ ಹಾಕಿದರೆ ಒಂದು ಹಳೇದು ಒಂದು ಹೊಸದು ನಡೆಯುತ್ತಾ?

ಹೊಸಚಾಲಕ: ಸಿಸಿಎ ಅಂದರೇನು ಸರ್?

ಎಲೆಕ್ಟ್ರಿಷಿಯನ್: ಮೇಲೆ ಇದೆ. ಓದಿ.

ಹೊಸಚಾಲಕ: ಅಷ್ಟುದ್ದ ಓದಕ್ಕೆ ಟೈಮ್ ಇಲ್ಲ.

ಎಲೆಕ್ಟ್ರಿಷಿಯನ್: ನನಗೂ ಇಲ್ಲ. @ನೀಲಿವ್ಯಾನ್, ಏನಾಯಿತು?

ಹಳೇಜೀಪ್: ಸೆಕೆ ಕಡೆ ಸಿಸಿಎ ಬೇಡ ಅನ್ನೋ ನನ್ನ ಮಾತಿಗೆ ಯಾರೂ ಉತ್ತರ ಕೊಡಲಿಲ್ಲ.

ಎಲೆಕ್ಟ್ರಿಷಿಯನ್: ಅರ್ಧ ಸರಿ. ಸೆಕೆಯಲ್ಲಿ ಸ್ಟಾರ್ಟ್ ಸುಲಭ. ಆದರೆ ಬ್ಯಾಟರಿಯನ್ನು ಬೇಗ ಕೊಲ್ಲುವುದೂ ಸೆಕೆಯೇ, ವಯಸ್ಸಾದಂತೆ ಸಿಸಿಎ ಇಳಿಯುತ್ತದೆ. ಟೆಸ್ಟರ್‌ನಲ್ಲಿ ನಾವು ನೋಡುವುದು ಅದನ್ನೇ. ಇನ್ನು ಈ ಜಗಳ ಸಾಕು.

ನೀಲಿವ್ಯಾನ್: ಈಗ ತಾನೇ ಮನೆಗೆ ಬಂದೆ. ಇವತ್ತು ವಾಸನೆ ಅಷ್ಟಾಗಿ ಬರ್ತಿಲ್ಲ. ಸರಿ ಹೋಯ್ತು ಅನ್ಸುತ್ತೆ.

ಎಲೆಕ್ಟ್ರಿಷಿಯನ್: ಓಡಿಸಿಕೊಂಡು ಬಂದಿರಾ? ನಿಲ್ಲಿಸಿ ಅಂದಿದ್ದೆ ಅಲ್ವಾ! ಆ ಗ್ಯಾಸಿಗೆ ಮೂಗು ಒಗ್ಗಿ ಮರಗಟ್ಟುತ್ತದೆ. ವಾಸನೆ ಕಡಿಮೆ ಅಂದರೆ ಗ್ಯಾಸ್ ಕಡಿಮೆ ಅಂತಲ್ಲ. ವೋಲ್ಟ್ ಹೇಳಿ.

ನೀಲಿವ್ಯಾನ್: ಪಕ್ಕದ ಮನೆಯವರ ಮೀಟರ್ ತಂದೆ. ಅರ್ಧ ಗಂಟೆ ಬಿಟ್ಟು ನೋಡಿದೆ, 10.6.

ಎಲೆಕ್ಟ್ರಿಷಿಯನ್: ತುಂಬಿದ ಬ್ಯಾಟರಿ 12.6 ತೋರಿಸಬೇಕು. ಒಳಗೆ ಆರು ಸೆಲ್ (ಖಾನೆ) ಇರುತ್ತವೆ, ಒಂದು ಸೆಲ್‌ಗೆ ಸುಮಾರು 2.1. ಕಾರು ಓಡಿ ಬಂದ ಮೇಲೂ ಸರಿಯಾಗಿ ಎರಡು ವೋಲ್ಟ್ ಕಡಿಮೆ ಅಂದರೆ ಒಂದು ಸೆಲ್ ಶಾರ್ಟ್ ಆಗಿರುವ ಸಾಧ್ಯತೆ ಹೆಚ್ಚು. ಆರು ಸೆಲ್‌ನ ಚಾರ್ಜನ್ನು ಐದೇ ಸೆಲ್ ನುಂಗುತ್ತಿವೆ, ಅದಕ್ಕೇ ಕುದಿಯುತ್ತಿದೆ. ಇನ್ನು ಸ್ಟಾರ್ಟ್ ಮಾಡಲೇಬೇಡಿ. ಪೈಪ್?

ನೀಲಿವ್ಯಾನ್: ಯಾವುದೋ ಸಣ್ಣ ರಬ್ಬರ್ ಪೈಪ್ ಸೀಟಿನಡಿ ಸುಮ್ನೆ ಬಿದ್ದಿದೆ. ಅದೇನಾ?

ಎಲೆಕ್ಟ್ರಿಷಿಯನ್: ಅದೇ.

ಕೆಂಪುಬೈಕ್: ಸರ್, 50 ಸಿಗಲಿಲ್ಲ. 55 ಹಾಕಬಹುದಾ?